ಎಷ್ಟು ಕೊಟ್ಟರೆ ಸಾಕು?

ಹನ್ನೆರಡು ಕೆಜಿ ತೂಕದ ಮಗುವಿಗೆ 2.4 ಎಂ.ಎಲ್. ಟೀ ಚಮಚದ ಅರ್ಧದಷ್ಟೂ ಆಗುವುದಿಲ್ಲ. ಮಕ್ಕಳ ಬೆನ್ನುಹುರಿಯ ಎಂಆರ್‌ಐ ತೆಗೆಯುವಾಗ, ಬೇಕಾದರೆ, ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿಯ ಅಳತೆ ಇದು. ನೋಡಲು ನೀರಿನ ಹಾಗೆಯೇ ಇರುತ್ತದೆ. ಮುಂಬೈಯ ಒಂದು ಆಸ್ಪತ್ರೆಯ ಎಂಆರ್‌ಐ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ರೇಡಿಯಾಲಜಿಸ್ಟ್. ಮಗುವನ್ನು ಮಲಗಿಸುವವರು ಅರಿವಳಿಕೆ ವೈದ್ಯರು. ನಾನು ತೂಕ ಕೇಳುವವನು, ಲೆಕ್ಕ ಹಾಕುವವನು, ಸಿರಿಂಜಿನ ಗೆರೆಯನ್ನು ಬೆಳಕಿಗೆ ಹಿಡಿದು ನೋಡುವವನು. ಆ ಲೆಕ್ಕ ಮೂರನೇ ತರಗತಿಯ ಗುಣಾಕಾರ. ಅದು ಸರಿ ಬಂದ ಮೇಲೂ ಉಳಿದುಬಿಡುವ ಪ್ರಶ್ನೆಯೊಂದಿದೆ, ಇಲ್ಲಿ ಬರೆಯಹೊರಟಿರುವುದು ಅದರ ಬಗ್ಗೆ.

ಮೊದಲು ಈ ನೀರು ಏನು ಎಂದು ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಎಲ್ಲರೂ ಇದನ್ನು ‘ಡೈ’ ಅನ್ನುತ್ತಾರೆ, ಆದರೆ ಇದರಲ್ಲಿ ಬಣ್ಣವಿಲ್ಲ. ಇರುವುದು ಗ್ಯಾಡೊಲಿನಿಯಮ್ ಎಂಬ ಲೋಹ, ಪರಮಾಣು ಸಂಖ್ಯೆ 64. ಕಾಂತಕ್ಷೇತ್ರದಲ್ಲಿ ಇದು ತನ್ನ ಅಕ್ಕಪಕ್ಕದ ನೀರಿನ ಕಣಗಳ ವರ್ತನೆಯನ್ನು ಬದಲಿಸುತ್ತದೆ. ಅದು ಸೇರಿಕೊಂಡ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆದರೆ ಬರಿಯ ಲೋಹವನ್ನು ಮೈಗೆ ಬಿಡುವಂತಿಲ್ಲ, ಅದು ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ತೀರ ಹತ್ತಿರವಿರುವುದರಿಂದ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಗಳಿಗೆ ಅಡ್ಡಬರುತ್ತದೆ. ಹಾಗಾಗಿ ಅದನ್ನು ಇನ್ನೊಂದು ಅಣುವಿನೊಳಗೆ ಕಟ್ಟಿ ಕೊಡುತ್ತಾರೆ. ಹಾವಾಡಿಗನ ಬುಟ್ಟಿ ಎಂದಿಟ್ಟುಕೊಳ್ಳಿ. ಬುಟ್ಟಿ ಸಮೇತ ಒಳಗೆ ಹೋಗಬೇಕು, ಬುಟ್ಟಿ ಸಮೇತ ಮೂತ್ರದಲ್ಲಿ ಹೊರಬರಬೇಕು. ಬುಟ್ಟಿಗಳಲ್ಲಿ ಎರಡು ಜಾತಿ. ಲೀನಿಯರ್ ಎನ್ನುವವು ಬಾಯಿ ತೆರೆದ ಹಳೆಯ ಬುಟ್ಟಿಗಳು. ಮ್ಯಾಕ್ರೊಸೈಕ್ಲಿಕ್ ಎನ್ನುವವು ಸುತ್ತಲೂ ಹೆಣೆದು ಮುಚ್ಚಿದವು, ಹಾವು ಅಷ್ಟು ಸುಲಭಕ್ಕೆ ಹೊರಬರುವುದಿಲ್ಲ.

ಬೆನ್ನಿನ ಎಂಆರ್‌ಐಗೆ ಬರುವ ಎಷ್ಟೋ ಮಕ್ಕಳಿಗೆ ಇದು ಬೇಕಾಗುವುದೇ ಇಲ್ಲ. ಬೆನ್ನು ಡೊಂಕಾಗಿರುವುದು, ಹುಟ್ಟಿನಿಂದ ಬೆನ್ನುಹುರಿಯ ತುದಿ ಅಂಟಿಕೊಂಡಿರುವುದು, ಇವನ್ನೆಲ್ಲ ಸಾಮಾನ್ಯವಾಗಿ ಔಷಧಿಯಿಲ್ಲದೆಯೇ ನೋಡಬಹುದು. ಬೇಕಾಗುವುದು ಸೋಂಕು, ಉರಿಯೂತ, ಗಡ್ಡೆಗಳ ಸಂದರ್ಭದಲ್ಲಿ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ದೊಡ್ಡ ಸಂಗತಿಯಾಗಿರುವುದರಿಂದ ಅದಕ್ಕೂ.

ನನ್ನನ್ನು ಹೆಚ್ಚು ಕಾಡುವುದು ಗಡ್ಡೆಯ ಮಕ್ಕಳು. ಮೆಡುಲ್ಲೊಬ್ಲಾಸ್ಟೋಮ ಎಂಬ ಕ್ಯಾನ್ಸರ್ ಇದೆ, ಮಕ್ಕಳ ಕಿರುಮಿದುಳಿನಲ್ಲಿ ಹುಟ್ಟುವಂಥದ್ದು. ಮಿದುಳು ಮತ್ತು ಬೆನ್ನುಹುರಿಯನ್ನು ತೊಳೆಯುತ್ತ ಹರಿಯುವ ದ್ರವದ ಜೊತೆ ಅದರ ಕಣಗಳು ಕೆಳಗಿಳಿದು ಬೆನ್ನುಹುರಿಯ ಮೈಗೆ ಹತ್ತಿಕೊಳ್ಳುತ್ತವೆ. ಕೆಲವು ಸಲ ಸಾಸಿವೆಯಂಥ ಗಂಟಾಗಿ, ಕೆಲವು ಸಲ ಉಂಡೆಗೆ ಸಕ್ಕರೆ ಪಾಕ ಬಳಿದಂಥ ತೆಳು ಪದರವಾಗಿ. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ಈ ಪದರ ಕಾಣದೆ ಹೋಗಬಹುದು. ಶಸ್ತ್ರಚಿಕಿತ್ಸೆ ಆದ ಕೂಡಲೇ ತೆಗೆದ ಚಿತ್ರದಲ್ಲಿ ಕೆಳಗಿಳಿದ ರಕ್ತವೇ ಗಡ್ಡೆಯಂತೆ ಕಂಡು ಮೋಸಮಾಡಬಹುದು. ಅದಕ್ಕೇ ಆದಷ್ಟೂ ಆಪರೇಷನ್ನಿಗೆ ಮೊದಲೇ ಬೆನ್ನನ್ನು ನೋಡಿಟ್ಟುಕೊಳ್ಳುತ್ತಾರೆ.

ಆ ಸಾಸಿವೆ ಕಾಳಿನ ಮೇಲೆ ಏನು ನಿಂತಿದೆ ಎಂದು ಕೇಳಿ. ಮೂರು ವರ್ಷ ದಾಟಿದ ಮಗುವಿಗೆ, ರೋಗ ಹರಡಿಲ್ಲದೆ ಗಡ್ಡೆಯನ್ನು ಚೆನ್ನಾಗಿ ತೆಗೆದಾಗಿದ್ದರೆ, ಇಡೀ ಮಿದುಳು ಮತ್ತು ಬೆನ್ನುಹುರಿಗೆ ಸಾಮಾನ್ಯವಾಗಿ ಕೊಡುವ ವಿಕಿರಣ 23.4 ಗ್ರೇ. ಹರಡಿದ್ದರೆ 36 ಗ್ರೇ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮಗುವಿನ ಮುಂದಿನ ಬದುಕು ಇದೆ. ಹೆಚ್ಚು ವಿಕಿರಣ ಬಿದ್ದಷ್ಟೂ ಬೆನ್ನುಮೂಳೆಯ ಬೆಳವಣಿಗೆ ಕುಂಠಿತವಾಗುತ್ತದೆ, ಕಲಿಯುವ, ನೆನಪಿಟ್ಟುಕೊಳ್ಳುವ ಶಕ್ತಿಗೆ ಪೆಟ್ಟು ಬೀಳುತ್ತದೆ, ಹಾರ್ಮೋನುಗಳು ಏರುಪೇರಾಗುತ್ತವೆ. ಕಡಿಮೆ ಕೊಟ್ಟು ಒಂದು ಗಂಟು ಉಳಿದುಬಿಟ್ಟರೆ ರೋಗ ಮರಳುತ್ತದೆ. ಅಂದರೆ ಕೈಯಲ್ಲಿರುವ ಈ ಪುಟ್ಟ ಡೋಸು ಮುಂದೆ ಬರಲಿರುವ ದೊಡ್ಡ ಡೋಸನ್ನು ನಿರ್ಧರಿಸುವುದರಲ್ಲಿ ಪಾಲು ಪಡೆಯುತ್ತದೆ.

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ನನಗೇನೋ ಈ ಗಾದೆ ಅರ್ಧ ಮಾತ್ರ ಹೇಳಿ ಎದ್ದುಹೋಗುತ್ತದೆ ಅನ್ನಿಸುತ್ತದೆ. ಕಡಿಮೆಯಾದ ಅಮೃತ ಏನಾಗುತ್ತದೆ? ‘ಪಾಪ, ಮಗು ಅಲ್ವಾ, ಸ್ವಲ್ಪ ಕಡಿಮೆ ಹಾಕೋಣ’ ಎನ್ನುವವರನ್ನು ನಾನು ಬೇರೆಬೇರೆ ಕಡೆ ಕಂಡಿದ್ದೇನೆ. ಅದು ಕರುಣೆಯ ಮಾತೇ ಹೌದು. ಆದರೆ ಯಾರ ಮೇಲಿನ ಕರುಣೆ? ಅರ್ಧ ಡೋಸ್ ಕೊಟ್ಟು ಚಿತ್ರ ಮಸುಕಾದರೆ, ಮಗುವಿನ ಮೈಗೆ ಲೋಹವೂ ಹೋಯಿತು, ಉತ್ತರವೂ ಸಿಗಲಿಲ್ಲ. ಸಿಕ್ಕಿದ್ದು ಕೊಟ್ಟವನ ಮನಸ್ಸಿಗೆ ಸಮಾಧಾನ ಮಾತ್ರ. ಹೆಚ್ಚು ಕೊಡುವ ಆಸೆಯೂ ಇದ್ದೇ ಇತ್ತೆನ್ನಿ: 1990ರ ದಶಕದಲ್ಲಿ ಸಣ್ಣ ಗಂಟುಗಳನ್ನು ಹಿಡಿಯಲೆಂದು ವಯಸ್ಕರಿಗೆ ಮೂರು ಪಟ್ಟು ಡೋಸ್ ಕೊಟ್ಟು ನೋಡಿದ್ದರು. ಈಗ ಎಲ್ಲ ಕಡೆ ಬಳಕೆಯಲ್ಲಿರುವ ಅಳತೆ ಕೆಜಿಗೆ 0.1 ಮಿಲಿಮೋಲ್. ನಿಜವಾದ ಕಡಿತ ಬಂದದ್ದು ರಸಾಯನಶಾಸ್ತ್ರದಿಂದ. 2022ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಗ್ಯಾಡೊಪಿಕ್ಲೆನಾಲ್ ಎಂಬ ಔಷಧಿ ಕೆಜಿಗೆ 0.05 ಮಿಲಿಮೋಲಿನಲ್ಲೇ ಕೆಲಸ ಮುಗಿಸುತ್ತದೆ, ಏಕೆಂದರೆ ಅದರ ಒಂದೊಂದು ಅಣುವಿಗೂ ಹೊಳೆಯಿಸುವ ಶಕ್ತಿ ಹೆಚ್ಚು. ಕನಿಕರಪಟ್ಟು ಕಡಿಮೆ ಮಾಡುವುದಕ್ಕೂ ಕೆಲಸ ಕಲಿತು ಕಡಿಮೆ ಮಾಡುವುದಕ್ಕೂ ವ್ಯತ್ಯಾಸ ಇದೆ.

ಇನ್ನು ‘ಕೆಜಿಗೆ ಇಷ್ಟು’ ಎಂಬುದರ ಬಗ್ಗೆ. ಕೇಳಲು ಬಹಳ ನ್ಯಾಯವಾದ ಮಾತು, ಪಡಿತರ ಅಂಗಡಿಯ ಹಾಗೆ ತಲೆಗೆ ಇಷ್ಟು ಎಂದು ಹಂಚಿದಂತೆ. ಆದರೆ ಎಳೆಗೂಸಿನ ಮೈ ದೊಡ್ಡವರ ಮೈಯನ್ನು ಚಿಕ್ಕದು ಮಾಡಿದ್ದಲ್ಲ. ಈ ಔಷಧಿ ಹರಡಿಕೊಳ್ಳುವುದು ಜೀವಕೋಶಗಳ ಹೊರಗಿನ ನೀರಿನಲ್ಲಿ. ನವಜಾತ ಶಿಶುವಿನ ತೂಕದಲ್ಲಿ ಆ ನೀರಿನ ಪಾಲು ಸುಮಾರು ಶೇ. 40, ದೊಡ್ಡವರಲ್ಲಿ ಸುಮಾರು ಶೇ. 20. ಆ ಲೆಕ್ಕದಲ್ಲಿ ಶಿಶುವಿಗೆ ಅದೇ ಡೋಸ್ ತೆಳುವಾಗಿಬಿಡುತ್ತದೆ, ಇನ್ನಷ್ಟು ಕೊಡಬಹುದಿತ್ತು ಎನ್ನಬೇಕು. ಇನ್ನೊಂದು ಕಡೆ ಶಿಶುವಿನ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ, ದೊಡ್ಡವರ ವೇಗಕ್ಕೆ ಬರಲು ಒಂದೆರಡು ವರ್ಷ ಬೇಕು. ಔಷಧಿ ಒಳಗೇ ಹೆಚ್ಚು ಹೊತ್ತು ಕೂರುತ್ತದೆ. ಆ ಲೆಕ್ಕದಲ್ಲಿ ಕಡಿಮೆ ಕೊಡಬೇಕು ಎನ್ನಬೇಕು. ಎರಡೂ ವಾದ ನಿಜ. ತೂಕದ ಲೆಕ್ಕ ಈ ಜಗಳವನ್ನು ಬಗೆಹರಿಸಿಲ್ಲ, ನಡುವೆ ಒಂದು ಗೆರೆ ಎಳೆದು ಕೆಲಸ ನಡೆಯುವಂತೆ ಮಾಡಿದೆ ಅಷ್ಟೆ.

ನಮ್ಮ ಕಡೆ ಅಜ್ಜಿಯರು ಕೂಸಿಗೆ ಗುಟ್ಟಿ ಹಾಕುತ್ತಿದ್ದರು. ಬಜೆ, ಜಾಕಾಯಿ, ಅಳಲೆಕಾಯಿ ಇವನ್ನೆಲ್ಲ ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ತೇಯ್ದು ನೆಕ್ಕಿಸುವುದು. ಅಳತೆ ಸುತ್ತಿನ ಲೆಕ್ಕದಲ್ಲಿ: ಇದು ಎರಡು ಸುತ್ತು, ಅದು ಒಂದೇ ಸುತ್ತು. ನಿನ್ನೆ ಕೂಸು ಮಂಕಾಗಿ ಮಲಗಿತ್ತು ಅಂದರೆ ಇವತ್ತು ಜಾಕಾಯಿ ಅರ್ಧ ಸುತ್ತು. ಆ ಮದ್ದಿನ ಗುಣದೋಷದ ಚರ್ಚೆ ನನಗೆ ಬೇಡ, ಜಾಕಾಯಿ ಹೆಚ್ಚಾದರೆ ಕೂಸಿಗೆ ಅಪಾಯವೇ. ನನಗೆ ಬೇಕಾದದ್ದು ಆ ನೋಡುವ ರೀತಿ. ಅಜ್ಜಿ ಪ್ರತಿದಿನ ಅದೇ ಕೂಸನ್ನು ನೋಡುತ್ತಿದ್ದಳು, ನಿನ್ನೆಯ ಡೋಸ್ ಏನು ಮಾಡಿತು ಎಂಬುದು ಅವಳ ಕಣ್ಣೆದುರಿಗೇ ಇತ್ತು. ನಾವು ಕೊಟ್ಟ ಔಷಧಿ ಏನು ಮಾಡಿತು ಎಂದು ನೋಡಲು ನಾವು ಅಲ್ಲಿರುವುದಿಲ್ಲ. ಮಗು ಕಣ್ಣುಬಿಟ್ಟು ಒಂದೆರಡು ಗಂಟೆ ಆದಮೇಲೆ ಲಿಫ್ಟಿನಲ್ಲಿ ಕೆಳಗೆ ಹೋಗುತ್ತದೆ. ನಮ್ಮ ಕಣ್ಣಿನ ಜಾಗದಲ್ಲಿ ಕೋಷ್ಟಕ ಇದೆ.

ಕೋಷ್ಟಕವನ್ನು ಎಷ್ಟು ನಂಬಬೇಕು? ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಮೊದಲ ಗ್ಯಾಡೊಲಿನಿಯಮ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಸಿ.ಟಿ. ಸ್ಕ್ಯಾನಿನ ಅಯೋಡಿನ್ ಔಷಧಿಗಳು ಮೂತ್ರಪಿಂಡಕ್ಕೆ ಕಷ್ಟ ಕೊಡಬಹುದು ಎಂಬ ಭಯವಿತ್ತು. ಗ್ಯಾಡೊಲಿನಿಯಮ್‌ಗೆ ಆ ಕಳಂಕ ಇರಲಿಲ್ಲ. ಹಾಗಾಗಿ ಮೂತ್ರಪಿಂಡ ಕೆಟ್ಟವರಿಗೆ ಇದನ್ನೇ ಆರಿಸಿ ಕೊಡುತ್ತಿದ್ದರು, ಎಷ್ಟೋ ಸಲ ಹೆಚ್ಚಿನ ಪ್ರಮಾಣದಲ್ಲಿ. 1997ರಿಂದ ಕೆಲವು ಡಯಾಲಿಸಿಸ್ ರೋಗಿಗಳ ಚರ್ಮ ಮರದ ಹಾಗೆ ಗಟ್ಟಿಯಾಗುವುದು, ಕೀಲು ಮಡಚಲು ಬಾರದಂತಾಗುವುದು ಕಂಡುಬಂತು. 2000ದಲ್ಲಿ ಅದನ್ನು ಹೊಸ ರೋಗವೆಂದು ವರ್ಣಿಸಿದರು. ಅದಕ್ಕೂ ಗ್ಯಾಡೊಲಿನಿಯಮ್‌ಗೂ ನಂಟಿದೆ ಎಂದು ಆಸ್ಟ್ರಿಯಾದ ವೈದ್ಯರೊಬ್ಬರು ಹೇಳಿದ್ದು 2006ರಲ್ಲಿ. ಮರುವರ್ಷವೇ ಎಫ್‌ಡಿಎ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮೂತ್ರಪಿಂಡ ಪರೀಕ್ಷಿಸಿ ಕೊಡುವುದು, ಹಳೆಯ ಬುಟ್ಟಿಗಳನ್ನು ಬಿಡುವುದು ಶುರುವಾದ ಮೇಲೆ ಹೊಸ ರೋಗಿಗಳು ಹೆಚ್ಚುಕಡಿಮೆ ಇಲ್ಲವಾದರು. ಯಾರನ್ನು ಕಾಪಾಡಲೆಂದು ಈ ಔಷಧಿಯನ್ನು ಆರಿಸಿದ್ದರೋ ಅವರೇ ಬಲಿಯಾದದ್ದು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ ಎಂಬುದೇ ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಎರಡನೆಯ ಕಥೆ ಇನ್ನೂ ಮುಗಿದಿಲ್ಲ. 2014ರಲ್ಲಿ ಜಪಾನಿನ ಕಾಂಡಾ ಮತ್ತು ಸಂಗಡಿಗರು, ಹಲವು ಸಲ ಈ ಔಷಧಿ ಪಡೆದವರ ಮಿದುಳಿನ ಕೆಲವು ಭಾಗಗಳು ಔಷಧಿ ಕೊಡದಿದ್ದಾಗಲೂ ಬೆಳ್ಳಗೆ ಕಾಣುತ್ತವೆ ಎಂದು ತೋರಿಸಿದರು. ಮೂತ್ರಪಿಂಡ ಸರಿಯಿದ್ದವರಲ್ಲೂ. ಮುಂದಿನ ವರ್ಷ ಮೇಯೋ ಕ್ಲಿನಿಕ್‌ನವರು ಶವಪರೀಕ್ಷೆಯಲ್ಲಿ ಆ ಭಾಗಗಳಲ್ಲಿ ಲೋಹ ಕೂತಿರುವುದನ್ನು ಕಂಡರು. 2017ರಲ್ಲಿ ಯುರೋಪು ಹಲವು ಲೀನಿಯರ್ ಔಷಧಿಗಳನ್ನು ನಿಲ್ಲಿಸಿತು. ಅಮೆರಿಕ ನಿಲ್ಲಿಸಲಿಲ್ಲ, ರೋಗಿಗಳಿಗೆ ತಿಳಿಸಿ ಕೊಡಿ ಎಂದಿತು. ಮುಚ್ಚಿದ ಬುಟ್ಟಿಗಳಿಂದ ಉಳಿಯುವುದು ಬಹಳ ಕಡಿಮೆ, ಆದರೆ ಸೊನ್ನೆ ಅಲ್ಲ. ಹಾಗೆ ಉಳಿದದ್ದರಿಂದ ಮೂತ್ರಪಿಂಡ ಸರಿಯಿರುವವರಿಗೆ ಹಾನಿ ಆಗಿದೆ ಎಂದು ಸಾಬೀತಾಗಿಲ್ಲ.

‘ಹಾನಿ ಸಾಬೀತಾಗಿಲ್ಲ’ ಎಂಬುದೂ ‘ಹಾನಿಯಿಲ್ಲವೆಂದು ಸಾಬೀತಾಗಿದೆ’ ಎಂಬುದೂ ಒಂದೇ ಅಲ್ಲ ಎಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಈ ವ್ಯತ್ಯಾಸಕ್ಕೆ ಬೇರೆ ತೂಕ ಬರುತ್ತದೆ. ಎಪ್ಪತ್ತರ ಅಜ್ಜನ ಮೈಯಲ್ಲಿ ಉಳಿದ ಚೂರು ಲೋಹ ಅವರ ಜೊತೆ ಹದಿನೈದು ವರ್ಷ ಇರಬಹುದು. ನಾಲ್ಕರ ಮಗುವಿನ ಜೊತೆ ಎಪ್ಪತ್ತು ವರ್ಷ. ಅಷ್ಟು ದೀರ್ಘ ಕಾಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹೇಳಬಲ್ಲವರು ಯಾರೂ ಇಲ್ಲ, ಏಕೆಂದರೆ ಔಷಧಿಗೇ ಅಷ್ಟು ವಯಸ್ಸಾಗಿಲ್ಲ. ಸಾಕ್ಷಿ ಮುಂದೆ ಬರುವುದಿದ್ದರೆ ಈಗ ಮಲಗಿರುವ ಈ ಮಕ್ಕಳಿಂದಲೇ ಬರಬೇಕು.

ತತ್ತ್ವಶಾಸ್ತ್ರದವರು ಇಂಥ ಜಾಗದಲ್ಲಿ ಹಿಂದೆಯೂ ಎಡವಿ ನಿಂತಿದ್ದಾರೆ. ಅಮೆರಿಕದ ಪಾಲ್ ರ‍್ಯಾಮ್ಸೆ 1970ರಲ್ಲಿ, ಮಗುವಿಗೆ ಸ್ವತಃ ಪ್ರಯೋಜನವಿಲ್ಲದ ಯಾವ ಪ್ರಯೋಗಕ್ಕೂ ತಂದೆತಾಯಿ ಒಪ್ಪಿಗೆ ಕೊಡುವಂತಿಲ್ಲ ಎಂದರು. ರಿಚರ್ಡ್ ಮೆಕಾರ್ಮಿಕ್ ಕೆಲವೇ ವರ್ಷಗಳಲ್ಲಿ ಅದಕ್ಕೆ ಉತ್ತರ ಬರೆದು, ಮಗು ಒಪ್ಪಬೇಕಾದದ್ದು ಏನೋ ಅದಕ್ಕೆ ಅದರ ಪರವಾಗಿ ಒಪ್ಪಬಹುದು ಎಂದರು. ಅವರ ಜಗಳ ಸಂಶೋಧನೆಯ ಬಗ್ಗೆ, ನಮ್ಮದು ಚಿಕಿತ್ಸೆ. ನಮ್ಮ ಕಾನೂನೂ ಸರಳವಾಗಿದೆ, ಹನ್ನೆರಡರೊಳಗಿನ ಮಗುವಿನ ಒಳಿತಿಗಾಗಿ ಪೋಷಕರ ಒಪ್ಪಿಗೆ ಪಡೆದು ಸದುದ್ದೇಶದಿಂದ ಮಾಡಿದ್ದಕ್ಕೆ ರಕ್ಷಣೆ ಕೊಡುತ್ತದೆ. ಆದರೆ ‘ಹೇಗೂ ಮಲಗಿಸಿದ್ದೇವೆ, ಕಾಂಟ್ರಾಸ್ಟೂ ಕೊಟ್ಟುಬಿಡೋಣ’ ಎನ್ನುವಾಗ ಆ ಎರಡರ ನಡುವಿನ ಗೋಡೆ ತೆಳುವಾಗುತ್ತದೆ.

ಆ ಮಾತನ್ನು ಸುಮ್ಮನೆ ಹೀಗಳೆಯಲೂ ಬಾರದು. ಬೆನ್ನಿನ ಸ್ಕ್ಯಾನಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಚಿಕ್ಕ ಮಕ್ಕಳಿಗೆ ಅರಿವಳಿಕೆ ಇಲ್ಲದೆ ಅದು ಆಗದು. ಕಾಂಟ್ರಾಸ್ಟ್ ಕೊಡದೆ ಮುಗಿಸಿ, ನಾಳೆ ‘ಬೇಕಿತ್ತು’ ಎಂದಾದರೆ ಮತ್ತೆ ಉಪವಾಸ, ಮತ್ತೆ ಸೂಜಿ, ಮತ್ತೆ ಅರಿವಳಿಕೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪದೇಪದೇ ಅರಿವಳಿಕೆ ಕೊಡುವುದರ ಬಗ್ಗೆಯೂ 2016ರಲ್ಲಿ ಎಫ್‌ಡಿಎ ಎಚ್ಚರಿಕೆ ಹೇಳಿದೆ. ಅದು ಬೇಡವೆಂದರೆ ರೇಡಿಯಾಲಜಿಸ್ಟ್ ಆಗಲೇ ಬಂದು ಪಕ್ಕದಲ್ಲಿ ಕೂತು, ಮಗು ಮಲಗಿರುವಾಗಲೇ ಮೊದಲ ಚಿತ್ರಗಳನ್ನು ನೋಡಿ ಬೇಕೋ ಬೇಡವೋ ಹೇಳಬೇಕು. ಮಾಡುವವರಿದ್ದಾರೆ. ಆದರೆ ರಾತ್ರಿ ಹತ್ತರವರೆಗೆ ಸ್ಲಾಟ್ ತುಂಬಿರುವ ಯಂತ್ರ, ಹೊರಗೆ ಕಾಯುತ್ತಿರುವ ಹನ್ನೊಂದು ಮಂದಿ. ನೀತಿಶಾಸ್ತ್ರದ ಪುಸ್ತಕಗಳಲ್ಲಿ ಟೈಮ್ ಟೇಬಲ್ ಬಗ್ಗೆ ಒಂದು ಅಧ್ಯಾಯ ಇರಬೇಕಿತ್ತು.

ಒಪ್ಪಿಗೆಯ ಮಾತಿಗೆ ಬರುತ್ತೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಮುಂಬೈಗೆ ಮಕ್ಕಳನ್ನು ಕರೆದುಕೊಂಡು ಬರುವವರು ಬಹಳ. ಕನ್ನಡ ಬಲ್ಲವನು ನಾನೊಬ್ಬನೇ ಆದ ದಿನ ನನ್ನನ್ನು ಕರೆಯುತ್ತಾರೆ. ಇಂಡಿ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರರು, ಐದು ವರ್ಷದ ಮಗನ ತಂದೆ, ಡಾಕ್ಟರು ಎಲ್ಲ ವಿವರಿಸಿ ಹೋದ ಮೇಲೆ ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬಂದರು.

“ಇದು ಮತ್ತ ಹೊರಗ ಬರ್ತದಲ್ರೀ?”

“ಬರ್ತದ್ರಿ. ಉಚ್ಚಿಯೊಳಗ ಹೋಗ್ತದ.”

“ಪೂರಾ?”

ಇಡೀ ಚರ್ಚೆ ಆ ಒಂದು ಶಬ್ದದಲ್ಲಿದೆ. ಹೌದು ಎಂದರೆ ಅವರು ನೆಮ್ಮದಿಯಿಂದ ಸಹಿ ಹಾಕುತ್ತಿದ್ದರು. ತಿಳಿದರೂ ಏನೂ ಮಾಡಲಾಗದ ಸತ್ಯವನ್ನು, ಅದೂ ಇಷ್ಟು ಸಣ್ಣದನ್ನು, ಈಗಾಗಲೇ ಕುಸಿದಿರುವ ತಂದೆಯ ಮೇಲೆ ಏಕೆ ಹೇರಬೇಕು ಎಂಬ ವಾದವನ್ನು ನಾನು ಗೌರವಿಸುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಒಳ್ಳೆಯವರೇ ಆ ವಾದ ಮಾಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅವರು ಕೇಳಿದ್ದಾರೆ; ಕೇಳಿದವನಿಗೆ ಉತ್ತರದ ಮೇಲೆ ಹಕ್ಕಿದೆ. “ಬಾಳಷ್ಟು ಹೋಗ್ತದ್ರಿ. ಒಂದೀಟು ಉಳೀತದ ಅಂತಾರ. ಅದರಿಂದ ತ್ರಾಸ ಆದದ್ದು ಇನ್ನೂತನಕ ಕಂಡಿಲ್ಲ,” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಪಡಕ್ಕ ಹೊಡಿಯೋ ಎಣ್ಣಿಗೂ ಹಂಗ ಅಂದಿದ್ರು,” ಎಂದರು. ಎಣ್ಣೆ ಎಂದರೆ ಕೀಟನಾಶಕ. ಆಮೇಲೆ, “ಹಾಕ್ರಿ. ಮೊದ್ಲ ಕಾಣ್ಲಿ ಅದು,” ಎಂದು ಸಹಿ ಮಾಡಿದರು.

ಆ ಹೋಲಿಕೆಯನ್ನು ಬಹಳ ದಿನ ಹೊರಳಿಸಿ ನೋಡಿದ್ದೇನೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಹಾನಿ ಸಾಬೀತಾಗಿಲ್ಲ ಎಂಬ ಮಾತೇ ಇತ್ತು, 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೆ. ಅಲ್ಲಿ ಲಾಭ ಒಬ್ಬರದು, ಹಾನಿ ಇನ್ನೊಬ್ಬರ ಮಕ್ಕಳದ್ದು. ಇಲ್ಲಿ ಹಾಗಲ್ಲ. ಅಪಾಯ ಹೊರುವ ಮೈ, ಪ್ರಯೋಜನ ಪಡೆಯುವ ಮೈ ಎರಡೂ ಒಂದೇ. ಆ ತಂದೆಗೆ ಇದು ಹೊಳೆದಿತ್ತು ಅನ್ನಿಸುತ್ತದೆ, ಅದಕ್ಕೇ ‘ಮೊದಲು ಕಾಣಲಿ’ ಎಂದದ್ದು. ಹಾಗಾದರೆ ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ಹೆಚ್ಚೋ ಕಡಿಮೆಯೋ ಎಂಬುದಲ್ಲ. ಈ ಡೋಸಿನಿಂದ ಕಾಣುವುದು ಯಾರಿಗೆ ಬೇಕಾಗಿದೆ ಎಂಬುದು. ಮಗುವಿನ ಚಿಕಿತ್ಸೆ ಬದಲಾಗುವುದಿದ್ದರೆ ಕೊಡಿ, ಪೂರ್ತಿ ಕೊಡಿ. ವರದಿಯಲ್ಲಿ ಒಂದು ಸಾಲು ತುಂಬಲು, ನಾಳೆ ಯಾರೋ ಕೇಸು ಹಾಕಿದರೆ ಎಂಬ ಅಂಜಿಕೆಗೆ ಕೊಡುವುದಾದರೆ, ಆ ಲೋಹ ನಮ್ಮ ಲಾಭಕ್ಕಾಗಿ ಇನ್ನೊಬ್ಬರ ಮಗುವಿನ ಮೈಗೆ ಹೋಗುತ್ತದೆ. ಗೇರು ತೋಟದ ನೆನಪು ಅಲ್ಲಿ ಸರಿಹೊಂದುತ್ತದೆ.

ಹ್ಯಾನ್ಸ್ ಯೋನಾಸ್ ಎಂಬ ಜರ್ಮನ್ ತತ್ತ್ವಜ್ಞಾನಿ 1979ರ ತನ್ನ ಪುಸ್ತಕದಲ್ಲಿ, ಎಲ್ಲ ಹೊಣೆಗಾರಿಕೆಯ ಮೂಲ ಮಾದರಿಯಾಗಿ ಹಸುಗೂಸನ್ನು ಇಟ್ಟುಕೊಳ್ಳುತ್ತಾನೆ. ಅದು ಉಸಿರಾಡುತ್ತಿರುವುದೇ ನಮಗೆ ಒಂದು ಆದೇಶ ಎಂಬ ಅರ್ಥದಲ್ಲಿ. ಓದಿದಾಗ ಚೆನ್ನಾಗಿಯೇ ಇತ್ತು. ಆದರೆ ನಮ್ಮಲ್ಲಿ ಹೊಣೆ ಇನ್ನೂ ಸಣ್ಣ ಜಾಗಗಳಲ್ಲಿ ಕೂತಿರುತ್ತದೆ. ಮಾರುಕಟ್ಟೆಯಲ್ಲಿರುವ ಒಂದು ಔಷಧಿ ಉಳಿದವಕ್ಕಿಂತ ಎರಡು ಪಟ್ಟು ಗಟ್ಟಿ. ಅದೇ ಹನ್ನೆರಡು ಕೆಜಿಗೆ 2.4 ಅಲ್ಲ, 1.2 ಎಂ.ಎಲ್. ಸಾಕು. ಚೀಟಿಯಲ್ಲಿ ಹೆಸರಿಲ್ಲದೆ ಬರೀ ‘2.4’ ಎಂದಿದ್ದರೆ ಡೋಸ್ ಇಮ್ಮಡಿಯಾಗಬಹುದು. ಇನ್ನೊಂದು: ಮಗುವಿಗೆ ಬೇಕಾದದ್ದು ಎರಡು ಚಿಲ್ಲರೆ ಎಂ.ಎಲ್., ತಂದೆ ಹಣ ಕೊಟ್ಟು ತಂದದ್ದು ಹತ್ತು ಎಂ.ಎಲ್. ಸೀಸೆ. “ಉಳಿದದ್ದನ್ನ ಮುಂದಿನ ಸಲಕ್ಕ ಇಟ್ಕೋಬೋದೇನ್ರೀ?” ಎಂದು ಎಷ್ಟು ಜನ ಕೇಳಿದ್ದಾರೋ. ಇಡುವಂತಿಲ್ಲ, ಒಮ್ಮೆ ತೆರೆದ ಮೇಲೆ ಚೆಲ್ಲಬೇಕು. ಅವರೆದುರಿಗೆ ಚೆಲ್ಲುವುದು ಸುಲಭವಲ್ಲ. ಮಿದುಳು, ಬೆನ್ನು ಎರಡನ್ನೂ ಒಂದೇ ಕೂರಿಕೆಯಲ್ಲಿ ತೆಗೆದರೆ ಒಂದೇ ಡೋಸ್ ಎರಡಕ್ಕೂ ಆಗುತ್ತದೆ. ಬೇರೆಬೇರೆ ದಿನ ಬುಕ್ ಆಗಿದ್ದರೆ ಎರಡು ಡೋಸ್, ಎರಡು ಅರಿವಳಿಕೆ, ಎರಡು ಸೀಸೆ. ಅದನ್ನು ತಪ್ಪಿಸಲು ಬೇಕಾದದ್ದು ತತ್ತ್ವವಲ್ಲ, ಅಪಾಯಿಂಟ್‌ಮೆಂಟ್ ಕೌಂಟರಿಗೆ ಒಂದು ಫೋನ್.

ಚಿಕಿತ್ಸೆ ಮುಗಿದ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ. ಮೊದಮೊದಲು ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಊರು ಬದಲಾಗುತ್ತದೆ, ಒಮ್ಮೆ ಇಲ್ಲಿ, ಒಮ್ಮೆ ಮೀರಜ್, ಒಮ್ಮೆ ಹೈದರಾಬಾದ್. ಒಂದು ಮಗುವಿಗೆ ಈವರೆಗೆ ಯಾವ ಔಷಧಿ ಎಷ್ಟು ಸಲ ಹೋಗಿದೆ ಎಂದು ಒಂದೆಡೆ ಬರೆದಿಟ್ಟ ಕಾಗದ ಸಾಮಾನ್ಯವಾಗಿ ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಫೈಲಿನ ಒಳರಟ್ಟಿನ ಮೇಲೆ ದಿನಾಂಕ, ತೂಕ, ಔಷಧಿಯ ಹೆಸರು, ಎಂ.ಎಲ್. ಇಷ್ಟನ್ನು ಪೆನ್ನಿನಲ್ಲಿ ಬರೆದುಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕೆಲವರು ಅದನ್ನು ಲಸಿಕೆ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಹನ್ನೆರಡರ ಹುಡುಗಿಯೊಬ್ಬಳು, ಐದನೇ ವಯಸ್ಸಿನಿಂದ ಬರುತ್ತಿರುವವಳು, ಈಗ ಆ ಪಟ್ಟಿಯನ್ನು ತಾನೇ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಹೋದ ಸಲ ಔಷಧಿಯ ಹೆಸರು ಬೇರೆಯಾಗಿತ್ತು. ಯಾಕೆ ಬದಲಾಯಿಸಿದಿರಿ ಎಂದು ಮೊದಲು ಕೇಳಿದ್ದು ಅವಳೇ. ಡಾಕ್ಟರು ಬಂದು ಅವಳಿಗೆ ವಿವರಿಸಿ ಮುಗಿಯುವವರೆಗೆ ಕೈ ಚಾಚಲಿಲ್ಲ.